ಗಜವೀರನ ಹಾಡು ತೊದಲಿದ್ದೇಕೆ

"ಸೋಗೆನಾಡಿನ ಪ್ರಜೆಗಳೇ, ಕೇಳಿರಯ್ಯೋ! ಗಜವೀರ ಮಹಾರಾಜರ ಹೊಗಳಿಕೆಯ ಹಾಡು ಕಂಪ್ಯೂಟರಿನಲ್ಲಿ ತೊದಲುತ್ತಿದೆ. ಹಾಡು ಕಟ್ಟಿದ ದ್ರೋಹಿ ಬೊಮ್ಮಣ್ಣ ಮೂರು ಒಗಟು ಹೇಳಿ ಸತ್ತ. ತೊದಲಿಗೆ ಕಾರಣ ಅದರಲ್ಲೇ ಇದೆಯಂತೆ. ಬಿಡಿಸಿದವನು ಬೇಡಿದ್ದು ಸಿಗುತ್ತದೆ. ತಪ್ಪಿದವನ ತಲೆ ಹೋಗುತ್ತದೆ!"

ಡಂಗುರ ಕೇಳಿ ಗೂಳಯ್ಯನ ಕೈ ನಿಂತಿತು. ಅವನು ಭಜನೆಯ ಮನೆಗಳಲ್ಲಿ ಶ್ರುತಿಪೆಟ್ಟಿಗೆ ಒತ್ತಿ ಬದುಕುವವನು. ಬೊಮ್ಮಣ್ಣ ಅವನ ಒಡಹುಟ್ಟಿದ ಅಣ್ಣ.

ಅಣ್ಣ ಮನೆಯ ಕಂಪ್ಯೂಟರಿನಲ್ಲೇ ಹಾಡು ಕಟ್ಟುತ್ತಿದ್ದ. ಗೂಳಯ್ಯ ಪಕ್ಕದಲ್ಲಿ ಕೂತು ನೋಡಿ ಕಲಿತಿದ್ದ. ಅಲ್ಲಿ ಅದು ಎಂದೂ ತೊದಲಿರಲಿಲ್ಲ. ಅರಮನೆಯವರು ಅವನನ್ನೂ ಕಂಪ್ಯೂಟರನ್ನೂ ಒಂದೇ ಗಾಡಿಗೆ ಹಾಕಿಕೊಂಡು ಹೋದರು. ಪಟ್ಟದ ಹಬ್ಬದ ದಿನ ಊರೆಲ್ಲ ನೆರೆದಿತ್ತು. ಹಾಡು ರಾಜನ ಹೆಸರಿಗೆ ಬಂತು. "ಗ-ಗ-ಗ" ಎಂದಿತು. ಚಟಪಟ ಎಂದಿತು. ಮತ್ತೆ "ಗ-ಗ". ಮೊದಲು ಮಕ್ಕಳು ನಕ್ಕರು, ಆಮೇಲೆ ದೊಡ್ಡವರು. ಸಂಜೆಗೆ ಬೊಮ್ಮಣ್ಣನ ತಲೆ ಹೋಯಿತು.

"ಹೋಗಬೇಡ ಕಣೋ. ಉಳಿದಿರೋನು ನೀನೊಬ್ಬ" ಎಂದಳು ತಾಯಿ.

"ಸಾಯೋಕೆ ಹೋಗ್ತಿಲ್ಲವ್ವ" ಎಂದ ಗೂಳಯ್ಯ. ಶ್ರುತಿಪೆಟ್ಟಿಗೆ ಹೆಗಲಿಗೇರಿಸಿ ಹೊರಟ.

ಆ ನಾಡಿನಲ್ಲಿ ಒಂದು ಕಟ್ಟಳೆ. ಡಂಗುರ ಹೊಡೆದ ಮೇಲೆ ರಾಜನ ಕತ್ತಿ ತಳವಾರನ ಕೈ ಸೇರುತ್ತದೆ. ಅಲ್ಲಿಂದ ಅದು ಡಂಗುರದ ಮಾತನ್ನು ಮಾತ್ರ ಕೇಳುತ್ತದೆ. ಅರಸ ಮಾತು ತಪ್ಪಿದರೆ ಅರಸನ ಕುತ್ತಿಗೆಗೂ ಅದೇ ಕತ್ತಿ.

ಅರಮನೆಯ ಅಂಗಳದಲ್ಲಿ ಅಣ್ಣನ ಕಂಪ್ಯೂಟರ್ ಇತ್ತು. ಪಕ್ಕದಲ್ಲಿ ತಳವಾರ ನಿಂತಿದ್ದ. ರಾಜ ಮೊದಲ ಒಗಟು ಹೇಳಿದ.

"ಕುಡಿಯುವವನು ಬಾಯಿ ಮುಚ್ಚುವುದಿಲ್ಲ. ಸುರಿಯುವವನು ಓಡಿ ಓಡಿ ತರುತ್ತಾನೆ. ನಡುವಿನ ಬಟ್ಟಲು ಮಾತ್ರ ಬೆರಳ ತುದಿಯಷ್ಟು. ಯಾವುದು ಆ ಬಟ್ಟಲು?"

ನೆರೆನಾಡಿನ ರಾಜಕುಮಾರ ಮೀಸೆ ತಿರುವಿ ಬಂದ. "ವಿರಹಿಯ ಕಣ್ಣು" ಎಂದ. ಹಾಡು ಹಾಕಿದರು. "ಗ-ಗ-ಗ." ಕತ್ತಿ ಎದ್ದು ಇಳಿಯಿತು.

ಆಮೇಲೆ ಸಾಹುಕಾರನ ಮಗ ಬಂದ. ಜೊತೆಗೆ ಆಳೆತ್ತರದ ಸ್ಪೀಕರುಗಳು. ದಾರಿಗೆ ಅಡ್ಡವಿದ್ದ ಗೂಳಯ್ಯನನ್ನು ನೋಡಿ, "ಏನೋ ತಿದಿಯವನೇ, ಗಾಳಿ ಊದಿ ತೊದಲು ಓಡಿಸ್ತೀಯಾ?" ಎಂದು ನಕ್ಕ. "ಬಟ್ಟಲು ಅಂದರೆ ಸ್ಪೀಕರು, ಪ್ರಭು. ಚಿಕ್ಕದಾಗಿತ್ತು, ದೊಡ್ಡದು ತಂದಿದ್ದೇನೆ." ಹಾಡು ಹಾಕಿದರು. ಈ ಸಲ ತೊದಲು ಪಕ್ಕದೂರಿಗೂ ಕೇಳಿಸಿತು. ಅವನೂ ಹೋದ.

ಗೂಳಯ್ಯ ಮುಂದೆ ಬಂದ.

"ಯಾರೋ ನೀನು?" ಎಂದ ರಾಜ.

"ಶ್ರುತಿ ಒತ್ತುವವನು, ಮಹಾಸ್ವಾಮಿ. ನನ್ನ ಪೆಟ್ಟಿಗೆಗೆ ಒಂದು ಹೊಟ್ಟೆ ಇದೆ. ನಾನು ಒತ್ತಿದ ಗಾಳಿ ಅಲ್ಲಿ ನಿಂತು ಆಮೇಲೆ ಹೊರಡುತ್ತದೆ. ಅದಕ್ಕೇ ನನ್ನ ಕೈ ತಡವಾದರೂ ಶ್ರುತಿ ಮುರಿಯುವುದಿಲ್ಲ. ಕಂಪ್ಯೂಟರಿಗೂ ಅಂಥ ಹೊಟ್ಟೆ ಇದೆ. ಬಫರ್ ಅನ್ನುತ್ತಾರೆ, ಒಗಟಿನ ಬಟ್ಟಲು ಅದೇ. ಅದು ಕಿರಿದಾದರೆ ಸುರಿಯುವವನು ಬರುವ ಮೊದಲೇ ಬರಿದಾಗುತ್ತದೆ. ದನಿ ತುಂಡಾಗುತ್ತದೆ."

ಅವನು ಬಫರ್ ಹಿಗ್ಗಿಸಿದ. ಹಾಡು ಹಾಕಿದ. ತೊದಲು ಅರ್ಧಕ್ಕೆ ಇಳಿಯಿತು.

"ಕಿರಿದು ಮಾಡಿದವನು ಯಾರು?" ರಾಜ ಗುಡುಗಿದ.

"ಕೊನೆಗೆ ಹೇಳುತ್ತೇನೆ. ಮುಂದಿನದು ಕೇಳಿ."

"ಗಾಳಿಯನ್ನು ಮೀರಿ ಓಡುವ ಕುದುರೆ. ಎರಡು ಹೆಜ್ಜೆಗೊಮ್ಮೆ ಮಲಗುತ್ತದೆ. ಆಯಾಸವಿಲ್ಲ, ರೋಗವಿಲ್ಲ. ಮಲಗಿಸುವುದು ಯಾವುದು?"

"ಜಿಪುಣತನ" ಎಂದ ಗೂಳಯ್ಯ. "ಕರೆಂಟು ಉಳಿಸಲೆಂದು ಯಂತ್ರಕ್ಕೆ ಕಡಿವಾಣ ಹಾಕಿದ್ದಾರೆ. ಚೂರು ಬಿಡುವು ಸಿಕ್ಕರೂ ತೂಕಡಿಸುತ್ತದೆ. ಎಚ್ಚರಾಗುವಷ್ಟರಲ್ಲಿ ತಾಳ ತಪ್ಪಿರುತ್ತದೆ."

ಕಡಿವಾಣ ತೆಗೆದ. ಹಾಡು ಹಾಕಿದ. ಒಂದೇ ಒಂದು "ಗ" ಉಳಿಯಿತು.

ರಾಜನ ದನಿ ತಗ್ಗಿತ್ತು. "ಹಾಡುಗಾರ ತನ್ನ ಮನೆಯಲ್ಲಿ ಕೂತು ಹಾಡುತ್ತಿದ್ದಾನೆ. ಕಾವಲುಗಾರ ಮತ್ತೆ ಮತ್ತೆ ಬಂದು ಹೆಗಲು ತಟ್ಟುತ್ತಾನೆ. ಏಳು, ನಿನ್ನ ಜೇಬು ನೋಡಬೇಕು ಅನ್ನುತ್ತಾನೆ. ಕಳ್ಳತನ ನಡೆದಿಲ್ಲ. ಯಾರ ಕಾವಲುಗಾರ ಅವನು?"

ಗೂಳಯ್ಯ ತಳವಾರನ ಕತ್ತಿ ನೋಡಿದ. ಆಮೇಲೆ ರಾಜನ ಮುಖ ನೋಡಿದ.

"ನಿಮ್ಮವನು."

ಗೂಳಯ್ಯ ಕಂಪ್ಯೂಟರಿನ ಕಡೆ ಕೈ ತೋರಿದ.

"ಪ್ರಜೆಗಳು ಏನು ಬರೆಯುತ್ತಾರೆ, ಏನು ಹಾಡುತ್ತಾರೆ ಎಂದು ನೋಡಲು, ಅರಮನೆಯ ಹೊಸ್ತಿಲು ದಾಟಿ ಬಂದ ಪ್ರತಿ ಕಂಪ್ಯೂಟರಿನಲ್ಲೂ ಕಾವಲು ಪ್ರೋಗ್ರಾಂ ಇರಬೇಕು. ನಿಮ್ಮ ಆಜ್ಞೆ. ಅದು ಹೊತ್ತುಗೊತ್ತಿಲ್ಲದೆ ಎದ್ದು ಕಡತಗಳನ್ನೆಲ್ಲ ತಡಕುತ್ತದೆ, ಸುದ್ದಿ ಕಳಿಸುತ್ತದೆ. ಅಷ್ಟು ಹೊತ್ತು ಹಾಡು ಬಾಗಿಲಲ್ಲಿ ನಿಲ್ಲಬೇಕು."

ಕಾವಲು ಕಿತ್ತು ಹಾಕಿದ. ಹಾಡು ಹಾಕಿದ. ಮೊದಲಿನಿಂದ ಕೊನೆಯ ತನಕ ಎಣ್ಣೆಯ ಧಾರೆಯಂತೆ ಹರಿಯಿತು.

"ಇನ್ನು ಕೊನೆಯ ಮಾತು" ಎಂದ. "ಅಪ್ಪಣೆ ಕೊಟ್ಟ ಗಳಿಗೆಯಲ್ಲೇ ದನಿ ಬರಬೇಕು, ನಾನು ಕಾಯುವವನಲ್ಲ ಅಂದವರು ತಾವು. ಬಟ್ಟಲು ಕಿರಿದಾಯಿತು. ಒಡ್ಡೋಲಗದ ದೀಪಕ್ಕೆ ಬೇಕು, ಬೇರೆಲ್ಲ ಕಡೆ ಕರೆಂಟು ಉಳಿಸಿ ಅಂದವರು ತಾವು. ಕುದುರೆ ಮಲಗಿತು. ಮೂರನೆಯದು ಹೇಳಿಯಾಯಿತು. ಇವು ಮೂರೂ ನಮ್ಮ ಮನೆಯಲ್ಲಿರಲಿಲ್ಲ. ನಾನು ಬೊಮ್ಮಣ್ಣನ ತಮ್ಮ."

ರಾಜ ಸಿಂಹಾಸನದ ಕೈ ಹಿಡಿದುಕೊಂಡ. "ಅರ್ಧ ರಾಜ್ಯ ಕೊಡುತ್ತೇನೆ. ತಗೋ."

"ಬೇಡ."

"ಮಗಳನ್ನು ಧಾರೆ ಎರೆಯುತ್ತೇನೆ."

"ನಿಮ್ಮ ನೆಂಟಸ್ತನ ಯಾರಿಗೆ ಬೇಕು? ಅಣ್ಣನ ಕೆಲಸ ತಾವು ಮಾಡಬೇಕು. ಅದೇ ನಾನು ಬೇಡುವುದು. ದಿನಾ ಸಂಜೆ ಇದೇ ಅಂಗಳದಲ್ಲಿ ಅವನ ಹೆಸರಿನ ಹಾಡು ನಡೆಯಬೇಕು. ಯಂತ್ರ ನೋಡಿಕೊಳ್ಳುವುದು ತಾವೇ. ಹಾಡು ಒಮ್ಮೆ ತೊದಲಿದರೆ ಅವನಿಗಾದದ್ದೇ ತಮಗೆ."

ರಾಜ ತಳವಾರನ ಕಡೆ ತಿರುಗಿದ. ತಳವಾರ ಕದಲಲಿಲ್ಲ.

"ಅದು ಯಂತ್ರ ಕಣಪ್ಪಾ!" ರಾಜ ಕೂಗಿದ. "ಒಂದಲ್ಲ ಒಂದು ದಿನ ತೊದಲೇ ತೊದಲುತ್ತದೆ!"

"ಹೌದು" ಎಂದ ಗೂಳಯ್ಯ. "ಅಣ್ಣನೂ ಅದನ್ನೇ ಹೇಳಿರಬೇಕು."

ಅಂದಿನಿಂದ ಸಂಜೆಯಾದರೆ ಗಜವೀರ ಕಂಪ್ಯೂಟರಿನ ಮುಂದೆ ಕೂರುತ್ತಾನೆ. ಹಿಂದೆ ತಳವಾರ ನಿಲ್ಲುತ್ತಾನೆ. ಗೂಳಯ್ಯ ಮುಂದಿನ ಸಾಲಿಗೆ ಬಂದು ಕೂತು ಕಿವಿಗೊಡುತ್ತಾನೆ. ಅವನಿಗೆ ಅವಸರವಿಲ್ಲ.