ಶಂಕ್ರವ್ವ ತುಂಬಿದ ಉಡಿ

ಎಷ್ಟೋ ಕಾಲದ ಹಿಂದೆ, ಹೆದ್ದಾರಿ ಬದಿಯ ಒಂದು ನೇಕಾರರ ಊರಿನಲ್ಲಿ ಶಂಕ್ರವ್ವ ಅಂತ ಒಬ್ಬಳಿದ್ದಳಂತೆ. ಯಾವ ಕಾಲ ಅಂತ ಕೇಳಿದರೆ ಹೇಳುವವರು ಯಾರೂ ಇಲ್ಲ. ಸೀರೆಯ ಒಡಲಿಗೆ ಸೆರಗು ಜೋಡಿಸುವುದು ಅವಳ ಕಸುಬು. ಗಂಡ ಎಚ್‌ಐವಿಯಿಂದ ತೀರಿಕೊಂಡ, ಅವಳಿಗೂ ಅದನ್ನು ಅಂಟಿಸಿಹೋದ. ಆಮೇಲೆ ಅವಳು ದವಾಖಾನೆಯಲ್ಲಿ ಆ ರೋಗದವರಿಗೆ ಬುದ್ಧಿ ಹೇಳುವ ಕೆಲಸ ಹಿಡಿದಳು. ಗುಳಿಗೆ ತಪ್ಪಿಸಿದವರು ಅವಳನ್ನು ಕಂಡರೆ, ಬರುವ ಲಾರಿಯನ್ನೂ ನೋಡದೆ ಹೆದ್ದಾರಿ ದಾಟಿ ಓಡುತ್ತಿದ್ದರಂತೆ.

ಅವಳ ತಲೆ ಕೆಡಿಸಿದ್ದು ಒಂದೇ ಮಾತು: 'ಇಬ್ಬರಿಗೂ ಐತಿ, ಇನ್ನೇನು ಹೆದರಿಕಿ?' ರೋಗ ಇದ್ದವರು ರೋಗ ಇದ್ದವರನ್ನೇ ಮದುವೆಯಾಗುತ್ತಿದ್ದರು. ಅದೇನೋ ಒಳ್ಳೆಯದೇ, ಆದರೆ ಆಮೇಲೆ ಹಾಸಿಗೆಯಲ್ಲಿ ಕಾಳಜಿ ಬಿಟ್ಟುಬಿಡುತ್ತಿದ್ದರು. ಶಂಕ್ರವ್ವ ಹೇಳಿ ಹೇಳಿ ಗಂಟಲು ಹರಿದುಕೊಳ್ಳುತ್ತಿದ್ದಳಂತೆ. ಈ ರೋಗ ಎಲ್ಲ ಕಡೆ ಒಂದೇ ಅಲ್ಲ, ಸೀಮೆ ಸೀಮೆಗೆ ಬೇರೆ ಬಗೆ ಇದೆ, ಹಡಗು ಹತ್ತಿ ಲಾರಿ ಹತ್ತಿ ಮನುಷ್ಯರ ಜೊತೆ ತಿರುಗುತ್ತದೆ. ಎರಡು ಬಗೆ ಒಂದೇ ಮೈಯಲ್ಲಿ ಸೇರಿದರೆ, ಇದರ ಸೆರಗು ಅದರ ಒಡಲಿಗೆ ಕೂಡಿ ಮೂರನೆಯದೊಂದು ಹುಟ್ಟುತ್ತದೆ. ಅದಕ್ಕೆ ಈಗಿನ ಗುಳಿಗೆ ನಾಟದೆಯೂ ಹೋಗಬಹುದು. ಕೇಳಿದವರು ಹೂಂ ಅನ್ನುತ್ತಿದ್ದರು, ಹೊಸ್ತಿಲು ದಾಟಿ ಮರೆಯುತ್ತಿದ್ದರು. ಇವರಿಗಿಂತ ಗೋಡೆ ವಾಸಿ ಅಂತ ಶಂಕ್ರವ್ವ ಹಣೆ ಚಚ್ಚಿಕೊಳ್ಳುತ್ತಿದ್ದಳಂತೆ.

ಹೀಗಿರುವಾಗ ಅವಳ ತಂಗಿಯ ಮಗಳು ನಾಗಲವ್ವನ ಮದುವೆ ಗೊತ್ತಾಯಿತು. ಅವಳಿಗೂ ರೋಗವಿತ್ತು. ಸಾಯುವ ಹಾಗಿದ್ದ ಹುಡುಗಿಯನ್ನು ಶಂಕ್ರವ್ವನೇ ಬೈದು, ರಮಿಸಿ, ಗುಳಿಗೆ ನುಂಗಿಸಿ ಎಬ್ಬಿಸಿ ಕೂರಿಸಿದ್ದಳು. ವರ ದುಂಡಪ್ಪ ಲಾರಿ ಡ್ರೈವರ್. ಬಂದರಿನಿಂದ ಬಂದರಿಗೆ ತಿರುಗುವವನು, ನೆನಪಾದಾಗಷ್ಟೇ ಗುಳಿಗೆ ನುಂಗುವವನು. ಹಾಗಾಗಿ ಅವನ ರೋಗ ಮೊದಲಿನ ಗುಳಿಗೆಗೆ ಜಗ್ಗುತ್ತಲೇ ಇರಲಿಲ್ಲ. ಅದು ನಾಗಲವ್ವನ ಮೈಗೂ ಸೇರಿದರೆ ಇಷ್ಟು ದಿನದ ಪಾಡೆಲ್ಲ ನೀರುಪಾಲು. ಶಂಕ್ರವ್ವ ಅವನನ್ನು ಕೂರಿಸಿಕೊಂಡು ಎಲ್ಲ ಹೇಳಿದಳು.

'ಇಬ್ಬರಿಗೂ ಐತಲ್ಲ, ಬಿಡ್ರಿ ದೊಡ್ಡವ್ವ,' ಅಂತ ಅವನು ನಕ್ಕನಂತೆ.

ಮದುವೆಯ ದಿನ ಮುತ್ತೈದೆಯರು ನಾಗಲವ್ವನ ಮಡಿಲಲ್ಲಿ ಉಡಿ ತುಂಬುತ್ತಿದ್ದರು. ಅಕ್ಕಿ, ಕೊಬ್ಬರಿ, ಎಲೆ, ಅಡಿಕೆ. ಗಂಡ ಸತ್ತವಳು ಉಡಿ ತುಂಬಬಾರದು ಅಂತ ತಡೆದವರನ್ನು ಸರಿಸಿ ಶಂಕ್ರವ್ವ ಮುಂದೆ ಬಂದಳಂತೆ. ಎಲ್ಲರೆದುರೇ ನಿರೋಧ್ ಪೊಟ್ಟಣ ತೆಗೆದು ಉಡಿಗೆ ಹಾಕಿಯೇ ಬಿಟ್ಟಳಂತೆ. ಒಂದಲ್ಲ, ಮೊರದ ತುಂಬ ಹಾಕಿದಳು ಅನ್ನುವವರೂ ಇದ್ದಾರೆ.

'ನಾಚಿಕಿ ಬ್ಯಾಡೇನಬೇ ನಿನಗ?' ಅಂತ ದುಂಡಪ್ಪನ ಸೋದರಮಾವ ಕೂಗಿದ.

'ನನ್ನ ಗಂಡ ನಾಚಿಕೊಂಡು ರೋಗದ ಮಾತು ನನಗ ಹೇಳಲಿಲ್ಲ. ಏನಾತು ನೋಡ್ರಿ!' ಅಂದಳಂತೆ.

ಬೀಗರು ಎದ್ದು ನಿಂತರು. ದುಂಡಪ್ಪ ಪೊಟ್ಟಣ ತೆಗೆಯಲು ಕೈ ಚಾಚಿದ. ನಾಗಲವ್ವ ಎರಡೂ ಕೈಯಲ್ಲಿ ಉಡಿ ಬಿಗಿಹಿಡಿದಳು. ಉಡಿಗೆ ಬಿದ್ದದ್ದನ್ನು ತೆಗೆಯುವ ಹಾಗಿಲ್ಲ, ತಾಳಿ ಕಟ್ಟುವುದಾದರೆ ಕಟ್ಟಲಿ ಅಂದಳಂತೆ. ಅವನು ಚಾಚಿದ ಕೈ ಹಿಂದೆ ತೆಗೆದು, ಕೊನೆಗೆ ತಾಳಿ ಕಟ್ಟಿದ. ನಾಗಲವ್ವ ಹಲ್ಲು ಉದುರುವವರೆಗೂ ಶಂಕ್ರವ್ವ ನುಂಗಿಸಿದ್ದ ಅದೇ ಮೊದಲಿನ ಗುಳಿಗೆಯಲ್ಲಿ ಬಾಳಿದಳಂತೆ.

ಈಗಲೂ ಆ ಊರಿನ ಮದುವೆಗಳಲ್ಲಿ, ರೋಗ ಇರಲಿ ಇಲ್ಲದಿರಲಿ, ಮದುಮಗಳ ಉಡಿಗೆ ಒಂದು ಪೊಟ್ಟಣ ಬೀಳುತ್ತದೆ. ಹಾಕುವವಳು ಮದುಮಗನನ್ನು ಚೆನ್ನಾಗಿ ಗದರುತ್ತಾಳೆ, ಅವನು ತಲೆ ತಗ್ಗಿಸಿ ಕೇಳುತ್ತಾನೆ. ಮತ್ತೆ ಆ ಕೆಲಸಕ್ಕೆ ಅಲ್ಲಿ ಮುತ್ತೈದೆಯರನ್ನು ಕರೆಯುವುದಿಲ್ಲ, ಗಂಡ ಸತ್ತವಳನ್ನೇ ಕರೆಯುತ್ತಾರೆ.