ಒಂದು ಬೆರಳು ಕಡಿಮೆಯ ಶಾಫ್ಟ್

ಕರಿಗಲ್ಲುಕೋಟೆಯ ಬೀದಿಬೀದಿಯಲ್ಲಿ ಡಂಗುರ ಹೊಡೆಸಲಾಯಿತು.

“ಕೇಳಿರಪ್ಪೋ ಕೇಳಿ! ದೊರೆಸಾನಿ ಮಲಯವತಿಯವರ ಅಪ್ಪಣೆ. ಸ್ವರ್ಗಸ್ಥ ಮಹಾರಾಜರ ಹಳೆಯ ಕಾರಿನ ಎಂಜಿನ್ ಒಡೆದುಹೋಗಿ, ಅದಕ್ಕೆ ಲಾರಿಯ ಎಂಜಿನ್ನು, ಗೇರ್‌ಬಾಕ್ಸು ಕೂರಿಸಿದೆ. ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ಹೋಗುವ ಶಾಫ್ಟ್ ಮಾತ್ರ ಲಾರಿಯದೂ ಕೂಡುತ್ತಿಲ್ಲ, ಕಾರಿನದೂ ಕೂಡುತ್ತಿಲ್ಲ. ಹೊಸದಕ್ಕೆ ಕಡಲಾಚೆಯ ವರ್ತಕರು ಇಡೀ ಸೀಮೆಯ ಕಂದಾಯ ಕೇಳುತ್ತಿದ್ದಾರೆ. ಅಗ್ಗದ ದಾರಿ ಬಲ್ಲವರು ಬಂದು ಮೂರು ಒಗಟು ಬಿಡಿಸಿ. ಬಿಡಿಸಿದವರಿಗೆ ಅರ್ಧ ರಾಜ್ಯ, ಆ ಅರ್ಧದಲ್ಲಿರುವ ಸಮಸ್ತರ ಮೇಲೆ ಅಧಿಕಾರ. ತಪ್ಪಿದವರಿಗೆ ತಲೆದಂಡ!”

ಆ ಮನೆತನದಲ್ಲಿ ಪಟ್ಟಕ್ಕೆ ಬರುವವರು ತಂದೆಯ ಕಾರಿನಲ್ಲಿ ಕೋಟೆ ಸುತ್ತಿ ಬರಬೇಕೆಂಬ ಕಟ್ಟಳೆ ಇತ್ತು. ಕಾರು ಕದಲದೆ ಮಲಯವತಿಗೆ ಕಿರೀಟವಿಲ್ಲ. ಎಂಜಿನ್ ಕೂರಿಸಿದ ಮೇಸ್ತ್ರಿ ಜ್ವರದಲ್ಲಿ ಸಾಯುವ ಮುನ್ನ ಎರಡು ಒಗಟುಗಳನ್ನೂ ಅವುಗಳ ಉತ್ತರಗಳನ್ನೂ ಹೇಳಿ, “ಇಷ್ಟು ಬಲ್ಲವನಿಗೆ ಮಾತ್ರ ಕಾರು ಮುಟ್ಟಲು ಬಿಡಿ” ಅಂದಿದ್ದ. ಮೂರನೆಯದನ್ನು ಅವಳೇ ಸೇರಿಸಿದ್ದಳು. ತಲೆದಂಡವೂ ಅವಳದೇ.

ಮೊದಲು ಬಂದವನು ಜವಳಿ ವರ್ತಕನ ಮಗ. ಅಂಗಳದಲ್ಲಿ ನಿಂತ ಕಾರಿನ ಪಕ್ಕದಲ್ಲೇ ಮಲಯವತಿ ಕುರ್ಚಿ ಹಾಕಿಸಿಕೊಂಡಿದ್ದಳು.

“ಮುಂದಿನವನು ಉಣ್ಣುತ್ತಾನೆ, ಓಡುವುದಿಲ್ಲ. ಹಿಂದಿನವನು ಓಡುತ್ತಾನೆ, ಉಣ್ಣುವುದಿಲ್ಲ. ನಡುವಿನವನು ಉಣ್ಣುವುದೂ ಇಲ್ಲ, ಓಡುವುದೂ ಇಲ್ಲ. ಆದರೆ ಅವನಿಲ್ಲದೆ ಯಾರೂ ಕದಲರು. ಯಾರವನು?”

“ಕಾರು ಓಡಿಸುವವನು,” ಅಂದ ಹುಡುಗ ನಗುತ್ತಾ.

“ಅವನು ನಿನ್ನ ಹಾಗೆ ಮೂರು ಹೊತ್ತೂ ಉಣ್ಣುತ್ತಾನೆ,” ಅಂದಳು. ನಗು ಮುಖದಲ್ಲಿರುವಾಗಲೇ ತಲೆ ಬಿತ್ತು.

ಆಮೇಲೆ ದಂಡನಾಯಕನೊಬ್ಬ “ದೊರೆ” ಅಂದ. ಹೊಗಳಿಕೆಗೆ ಒಲಿದಾಳು ಎಂದುಕೊಂಡಿದ್ದ. ಒಲಿಯಲಿಲ್ಲ. ಜೋಯಿಸರು “ಪ್ರಾಣವಾಯು” ಅಂದರು. ಅವರ ಪ್ರಾಣವೂ ಹೋಯಿತು.

ಹೆಣಗಳನ್ನು ಬೊಂಬಿಗೆ ಕಟ್ಟಿ ಕೋಟೆಯ ಹಿಂದಿನ ಇಳಿಜಾರಿನಲ್ಲಿ ಹೊತ್ತೊಯ್ಯುತ್ತಿದ್ದವರು ದುಗ್ಗ ಮತ್ತು ಬೀರ, ಅಣ್ಣತಮ್ಮಂದಿರು. ದುಗ್ಗ ಮುಂದೆ, ಬೀರ ಹಿಂದೆ. ತಾಯಿ ತಂದೆ ಇಲ್ಲದ ತಮ್ಮನನ್ನು ದುಗ್ಗನೇ ಎತ್ತಿ ಆಡಿಸಿ ಬೆಳೆಸಿದ್ದ.

ಬರಬರುತ್ತಾ ಉತ್ತರ ಹೇಳಲು ಯಾರೂ ಬರದಾದರು. ಮಲಯವತಿ ಬೇಸತ್ತು ಅಣ್ಣತಮ್ಮಂದಿರತ್ತ ಬೆರಳು ತೋರಿಸಿದಳು. “ತಪ್ಪು ಉತ್ತರಗಳನ್ನೆಲ್ಲ ಕೇಳಿ ಹೊತ್ತವರು ಇವರು. ಸರಿ ಉತ್ತರ ಇವರ ಬಳಿಯೇ ಉಳಿದಿರಬೇಕು. ಬಾರೋ ದೊಡ್ಡವನೇ.”

ದುಗ್ಗ ಕಾರಿನ ಅಡಿಗೆ ಬಗ್ಗಿ ನೋಡಿದ. “ಎಂಜಿನ್ ಉಣ್ಣುತ್ತದೆ, ಚಕ್ರ ಓಡುತ್ತದೆ. ನಡುವೆ ಇರಬೇಕಾದ ಶಾಫ್ಟ್ ಇಲ್ಲ. ಅದೇ ತಾಯಿ, ನಡುವಿನವನು.”

“ಸರಿ. ಎರಡನೆಯದು ಕೇಳು. ಪೂರ್ತಿ ಅಳತೆ ಕೊಟ್ಟರೆ ಕೆಡುತ್ತದೆ. ಒಂದು ಬೆರಳು ಕದ್ದರೆ ಬಾಳುತ್ತದೆ. ಏನದು?”

ದುಗ್ಗ ಬಹಳ ಯೋಚಿಸಿದ. ಬರಗಾಲ ಕಂಡವನು ಅವನು. “ಹಸಿದವನ ಹೊಟ್ಟೆ,” ಅಂದ.

ಬೀರ ಓಡಿಬಂದು ಕಾಲಿಗೆ ಬಿದ್ದ. “ದೊರೆಸಾನಿ, ನನಗೆ ಗೊತ್ತು! ನಾನು ಹೇಳ್ತೀನಿ, ಅಣ್ಣನನ್ನು ಬಿಡಿ!”

“ನಿನ್ನ ಸರದಿ ನಿನಗೆ,” ಅಂದಳು ಮಲಯವತಿ. “ಅವನದು ಮುಗಿಯಿತು.”

“ಅಳಬೇಡವೋ ತಮ್ಮಾ,” ಅಂದ ದುಗ್ಗ. ಅಷ್ಟರಲ್ಲಿ ಕತ್ತಿ ಇಳಿಯಿತು.

ಬೀರನ ಅಂಗಿಗೆಲ್ಲ ಅಣ್ಣನ ರಕ್ತ ಸಿಡಿದಿತ್ತು. ಮಲಯವತಿ ಒರೆಸಿಕೊಳ್ಳಲೂ ಬಿಡಲಿಲ್ಲ. “ಮೊದಲನೆಯದನ್ನು ನಿಮ್ಮ ಮನೆಯವನೇ ಬಿಡಿಸಿದ, ಅದು ನಿನ್ನ ಪಾಲಿಗೇ ಸೇರಲಿ. ಎರಡನೆಯದು ಹೇಳು.”

ಬೀರ ಕಾರಿನ ಅಡಿಗೆ ಕೈ ತೋರಿಸಿದ. “ಶಾಫ್ಟಿನ ಉದ್ದ. ಚಕ್ರ ಗುಂಡಿಗಿಳಿದು ಎದ್ದಾಗ ಗೇರ್‌ಬಾಕ್ಸಿಗೂ ಹಿಂದಿನ ಚಕ್ರಗಳ ಆಕ್ಸಲ್‌ಗೂ ನಡುವಿನ ದೂರ ಹೆಚ್ಚುಕಮ್ಮಿ ಆಗುತ್ತದೆ. ಶಾಫ್ಟ್ ಹಿಂದೆಮುಂದೆ ಜಾರಲು ಬೆರಳಷ್ಟು ಜಾಗ ಬಿಡದಿದ್ದರೆ ಗೇರ್‌ಬಾಕ್ಸನ್ನೇ ಗುದ್ದಿ ಒಡೆಯುತ್ತದೆ. ನಾವು ಬೊಂಬನ್ನು ಹೆಗಲಿಗೆ ಬಿಗಿದು ಕಟ್ಟಿಕೊಂಡು ಇಳಿಜಾರು ಇಳಿದ ದಿನ ಇಬ್ಬರೂ ಉರುಳಿಬಿದ್ದಿದ್ದೆವು. ಆಮೇಲೆ ಸಡಿಲವಾಗಿಯೇ ಹೊತ್ತೆವು.”

“ಸರಿ. ಮೂರನೆಯದು. ನನ್ನ ಬಳಿ ಎರಡಿವೆ. ಒಂದಕ್ಕೆ ತಲೆ ಕೂಡುತ್ತದೆ, ಬಾಲ ಕೂಡದು. ಇನ್ನೊಂದಕ್ಕೆ ಬಾಲ ಕೂಡುತ್ತದೆ, ತಲೆ ಕೂಡದು. ಹೊಸದು ಕೊಳ್ಳದೆ ಒಂದನ್ನು ಹೇಗೆ ಪಡೆಯುವೆ? ಇದರ ಉತ್ತರ ನನಗೂ ಗೊತ್ತಿಲ್ಲ. ಕಾರು ಓಡಿದರೆ ಸರಿ, ಓಡದಿದ್ದರೆ ನೀನೂ ಅಲ್ಲೇ ಮಲಗುವೆ.”

ಬೀರ ನೆಲದ ಮೇಲೆ ಬಿದ್ದಿದ್ದ ಅಣ್ಣನನ್ನು ನೋಡಿದ. “ಎರಡನ್ನೂ ಕಡಿಯಬೇಕು,” ಅಂದ. “ಲಾರಿಯ ಶಾಫ್ಟಿನ ತಲೆ, ಕಾರಿನ ಶಾಫ್ಟಿನ ಬಾಲ. ಎರಡು ತುಂಡಿನ ಒಳಗೂ ಒಂದೇ ಕಬ್ಬಿಣದ ಕೊಳವೆ ತೂರಿಸಿ ಬೆಸೆಯಬೇಕು. ಮುರಿದ ಬೊಂಬುಗಳನ್ನು ಅಣ್ಣ ಹಾಗೇ ಜೋಡಿಸುತ್ತಿದ್ದ.”

ಮಲಯವತಿ ಜೋರಾಗಿ ನಕ್ಕಳು. “ಕಡಿಯುವುದು ನಮಗೆ ಹೊಸತಲ್ಲ. ಕಮ್ಮಾರನನ್ನು ಕರೆಯಿರಿ.”

ಬೀರ ಅಣ್ಣನನ್ನು ಒಬ್ಬನೇ ಬೆನ್ನ ಮೇಲೆ ಹೊತ್ತು ಇಳಿಜಾರಿಗೆ ಹೋಗಿ ಮಣ್ಣು ಮಾಡಿ ಬಂದ. ಆಮೇಲೆ ಕಮ್ಮಾರನ ಜೊತೆ ಕೂತ. ಬೆಸೆದ ಶಾಫ್ಟ್ ತಿರುಗಿಸಿದಾಗ ಗಡಗಡ ನಡುಗಿತು. ಹಗುರವಿದ್ದ ಬದಿಗೆ ಸಣ್ಣ ತಗಡಿನ ಚೂರು ಅಂಟಿಸಿ, ಸಾಲದೆ ಇನ್ನೊಂದು ಅಂಟಿಸಿ ನಡುಕ ನಿಲ್ಲಿಸಿದರು. ಒಂದು ಬೆರಳು ಜಾಗ ಬಿಟ್ಟು ಕಾರಿಗೆ ಕೂರಿಸಿದರು.

ಕಾರು ಓಡಿತು. ಮಲಯವತಿ ಕೋಟೆ ಸುತ್ತಿ ಬಂದು, ಬಾಗಿಲಲ್ಲಿ ಕಿರೀಟ ತೊಟ್ಟು ಇಳಿದಳು. ಕೇಕೆ ಹಾಕುತ್ತಿದ್ದ ಜನರ ಮುಂದೆ ಬೀರನನ್ನು ಕೇಳಿದಳು: “ಯಾವ ಅರ್ಧ ಬೇಕೋ?”

“ಕೋಟೆ ಇರುವ ಅರ್ಧ.”

ಅವಳ ಮುಖ ಬಿಳಿಚಿತು. ಆ ಅರ್ಧದ ಸಮಸ್ತರಲ್ಲಿ ಅವಳೂ ಸೇರಿದ್ದಳು. ಡಂಗುರದ ಮಾತನ್ನು ಊರೆಲ್ಲ ಕೇಳಿತ್ತು. ಮಂತ್ರಿ ಕೈಮುಗಿದು ಬೀರನ ಕಡೆ ಸರಿದು ನಿಂತ.

“ನಿಮ್ಮ ಕಾನೂನು ಬದಲಿಸುವುದಿಲ್ಲ, ದೊರೆಸಾನಿ,” ಅಂದ ಬೀರ. “ನಿಮಗೆ ಮೂರು ಬೇಡ, ಒಂದೇ ಕೇಳುತ್ತೇನೆ. ಕಾರಿನ ಪಕ್ಕದಲ್ಲಿ ನೀವು ಕೊಲ್ಲಿಸಿದಿರಲ್ಲ, ನನ್ನ ಅಣ್ಣ. ಅವನ ಹೆಸರೇನು?”

ಮಲಯವತಿ ಮಂತ್ರಿಯತ್ತ ನೋಡಿದಳು. ಮಂತ್ರಿ ನೆಲ ನೋಡಿದ. ಕತ್ತಿಯವನನ್ನು ನೋಡಿದಳು, ಅವನಿಗೂ ಗೊತ್ತಿರಲಿಲ್ಲ. “ಬೊಮ್ಮ,” ಅಂದಳು ಕೊನೆಗೆ, ಮೆಲ್ಲಗೆ.

“ದುಗ್ಗ,” ಅಂದ ಬೀರ.

ಕತ್ತಿಯವನು ಒಂದು ಹೆಜ್ಜೆ ಮುಂದೆ ಬಂದು ಹೊಸ ದೊರೆಯ ಮುಖ ನೋಡಿದ. ಬೀರ ತಡೆಯಲಿಲ್ಲ.

ಬೀರ ಬಹಳ ವರ್ಷ ಆಳಿದ, ಹೊಟ್ಟೆ ತುಂಬ ಉಂಡ. ಆ ಸೀಮೆಯಲ್ಲಿ ಮಾತ್ರ ಆಟಕ್ಕೂ ಯಾರೂ ಯಾರಿಗೂ ಒಗಟು ಹಾಕುತ್ತಿರಲಿಲ್ಲ.