ಜೇನಕ್ಕನ ಕಡೆಯ ಕೆಸರು

ಕಾಡಿನ ನಡುವೆ ಒಂದು ಕೆರೆ. ಕೆರೆಯ ನಡುವೆ ಒಂದು ನಡುಗಡ್ಡೆ. ನಡುಗಡ್ಡೆಯ ಮರಗಳ ತುಂಬ ಜೇನು. ಇಷ್ಟು ಹೇಳಿದ ಮೇಲೆ ಈ ಕತೆಯಲ್ಲಿ ಒಂದು ಕರಡಿ ಇರಲೇಬೇಕು ಎಂದು ನೀವು ಊಹಿಸಿರುತ್ತೀರಿ. ಇದ್ದಳು. ಹೆಸರು ಜೇನಕ್ಕ.

ಬೇಸಿಗೆಯಲ್ಲಾದರೆ ನಡುಗಡ್ಡೆಗೆ ಈಜಿ ಹೋಗಬಹುದು. ಮಳೆಗಾಲದಲ್ಲಿ ಕೆರೆ ಉಕ್ಕಿತೆಂದರೆ ದೋಣಿಯೇ ಗತಿ. ಇಡೀ ಕಾಡಿಗೆ ಇದ್ದದ್ದು ಒಂದೇ ದೋಣಿ. ಅದು ಯಾರಿಗೆ ಎಂದು ತೀರ್ಮಾನಿಸಲು ಮಳೆಗೆ ಮುಂಚೆ ಒಂದು ಪಂದ್ಯ ನಡೆಯುತ್ತಿತ್ತು. ದಾರಿಯಲ್ಲಿ ಜೋಡಿಬಂಡೆ. ಎರಡು ಬಂಡೆಗಳ ನಡುವೆ ದೋಣಿ ಹಿಡಿಸುವಷ್ಟೇ ಜಾಗ. ಇಬ್ಬರು ಹುಟ್ಟು ಹಾಕಬೇಕು, ಒಬ್ಬ ಎದುರು ಕೂತು ದಾರಿ ನೋಡಬೇಕು. ಬಂಡೆಗೆ ತಾಗದೆ ನಡುಗಡ್ಡೆ ಮುಟ್ಟಿದವರಿಗೆ ಮಳೆಗಾಲ ಪೂರ್ತಿ ದೋಣಿ.

ಹೋದ ವರ್ಷ ನರಿಗಳು ಗೆದ್ದಿದ್ದವು. ಜೇನಕ್ಕ ದಿನಾ ದಡಕ್ಕೆ ಹೋಗಿ, "ಇವತ್ತು ಜಾಗ ಇದೆಯೇನ್ರಪ್ಪಾ?" ಎಂದು ಕೇಳುವಳು. "ಅಯ್ಯೋ, ಈಗಷ್ಟೇ ತುಂಬಿತಲ್ಲ ಅಕ್ಕ," ಎಂದು ನರಿಗಳು ಖಾಲಿ ದೋಣಿ ಹೊರಡಿಸುವವು. ಗಾಳಿ ಬೀಸಿದಾಗ ಜೇನಿನ ವಾಸನೆ ಮಾತ್ರ ಈ ದಡಕ್ಕೆ ಬರುತ್ತಿತ್ತು.

"ಈ ವರ್ಷ ದೋಣಿ ನನ್ನದು," ಎಂದಳು ಜೇನಕ್ಕ. ಕೂದಲು ನರೆಯುವ ವಯಸ್ಸಿನಲ್ಲಿ ಹುಟ್ಟು ಹಿಡಿದಳು. ಜೊತೆಗೆ ಕಾಡುಹಂದಿ ದಾಡೆಪ್ಪ. ಕಲಿಸಲು ಒಪ್ಪಿದವರು ಮೀಸೆ ಮೇಷ್ಟ್ರು, ನೀರಿನಲ್ಲೇ ಹುಟ್ಟಿ ಬೆಳೆದ ನೀರುನಾಯಿ.

ಮಕ್ಕಳೇ, ನಿಮ್ಮ ಲೆಕ್ಕ ತಪ್ಪಿದರೆ ದಿನಾ ಯಾರೋ ಒಬ್ಬರು ಹೇಳುತ್ತಾರೆ. ದೊಡ್ಡವರಿಗೆ ಹೇಳುವವರಿರುವುದಿಲ್ಲ, ಹಾಗಾಗಿ ಕೇಳಿಸಿಕೊಳ್ಳುವ ಅಭ್ಯಾಸವೇ ತಪ್ಪಿಹೋಗಿರುತ್ತದೆ. ನಾನು ಸುತ್ತಿದ ಊರುಗಳಲ್ಲೆಲ್ಲ ದೋಣಿ ಬೇರೆ ಬೇರೆ, ದೊಡ್ಡವರ ಕಿವಿ ಮಾತ್ರ ಒಂದೇ.

ಮೊದಲ ದಿನ ಮೇಷ್ಟ್ರು ದಡದ ಮೇಲೆ ನಿಂತು ಕೂಗತೊಡಗಿದರು. "ಜೇನಕ್ಕ, ಬೆನ್ನು ನೇರ ಮಾಡಿ. ಹುಟ್ಟು ಆಳಕ್ಕೆ ಇಳೀತಿದೆ. ಮೊಣಕೈ ಒಳಗೆ. ಕಾಲು ಒತ್ತಿ. ಅವಸರ ಬೇಡ. ಅಷ್ಟು ನಿಧಾನವೂ ಬೇಡ. ಉಸಿರು ಬಿಡಿ!"

"ಬೆನ್ನು ನನ್ನಪ್ಪನ ಕಾಲದಿಂದಲೂ ಹೀಗೇ ಇದೆ ಮೇಷ್ಟ್ರೇ. ಹುಟ್ಟು ಉದ್ದ ಆಯ್ತು. ಕೂರುವ ಹಲಗೆ ಇಕ್ಕಟ್ಟು. ದಾಡೆಪ್ಪ ಸರಿಯಾಗಿ ಎಳೀತಿಲ್ಲ. ಬಿಸಿಲು ಕಣ್ಣಿಗೆ ಹೊಡೀತಿದೆ."

ದೋಣಿ ಇದ್ದಲ್ಲೇ ಗಿರಗಿರ ಸುತ್ತುತ್ತಿತ್ತು. ಆಚೆ ದಡದಲ್ಲಿ ನರಿಗಳು ಹೊಟ್ಟೆ ಹಿಡಿದುಕೊಂಡು ನಕ್ಕವು.

ಹೀಗೇ ದಿನಗಳು ಕಳೆದವು. ಕೊನೆಗೆ ಮೇಷ್ಟ್ರ ಮೀಸೆ ನಡುಗಿತು. "ಈಕೆಗೆ ಹೇಳುವುದೂ ಒಂದೇ, ಬಂಡೆಗೆ ಹೇಳುವುದೂ ಒಂದೇ," ಎಂದು ಹೊರಟರು.

ಅಲ್ಲಿಯವರೆಗೆ ಬಾಯಿ ಬಿಡದ ದಾಡೆಪ್ಪ ಹಿಂದೆಯೇ ಓಡಿದ. "ಮೇಷ್ಟ್ರೇ, ನೀವು ಒಂದೇ ಉಸಿರಿಗೆ ಹತ್ತು ತಪ್ಪು ಹೇಳ್ತೀರಿ. ಅಕ್ಕ ಅದಕ್ಕೆ ಹನ್ನೊಂದು ಉತ್ತರ ಕೊಡ್ತಾಳೆ. ನಡುವೆ ಕೂತ ನನಗೆ ತಲೆ ಸುತ್ತುತ್ತೆ."

ಮೇಷ್ಟ್ರು ನಿಂತರು. ನೀರುನಾಯಿಗೂ ಒಂದು ಮಾತು ನಾಟುವುದುಂಟು.

ಮರುದಿನ ಅವರು ದಡದಲ್ಲಿ ನಿಲ್ಲದೆ ದೋಣಿಯೊಳಗೇ ಬಂದು ಎದುರು ಕೂತರು. "ಇವತ್ತು ಒಂದೇ ಕೆಲಸ ಜೇನಕ್ಕ. ಹುಟ್ಟು ಎತ್ತಿದ ಮೇಲೆ ನೀರಿನಲ್ಲಿ ಏನು ಉಳಿಯುತ್ತೆ ನೋಡಿ, ಸಾಕು."

ಹುಟ್ಟು ಹಾಕುವವರು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರುತ್ತಾರೆ. ದಾಟಿ ಬಂದ ನೀರು ಅವರ ಕಣ್ಣೆದುರಿಗೇ ಇರುತ್ತದೆ. ಜೇನಕ್ಕ ನೋಡಿದಳು. ದಾಡೆಪ್ಪನ ಕಡೆ ತಿಳಿನೀರಿನಲ್ಲಿ ಪುಟ್ಟ ಪುಟ್ಟ ಸುಳಿ. ಅವಳ ಕಡೆ ಸಾಲಾಗಿ ಕಂದು ಕಂದು ಕೆಸರು.

"ನೋಡಿದಿರಾ?" ಎಂದಳು ಜೇನಕ್ಕ ಗೆದ್ದವಳಂತೆ. "ಈ ಕಡೆ ಕೆರೆಯೇ ಕೊಳಕು. ಎಮ್ಮೆಗಳು ಬಿದ್ದು ಹೊರಳಾಡಿರಬೇಕು. ಹೀಗಿದ್ದರೆ ದೋಣಿ ನೇರ ಹೋಗುತ್ತಾ?"

ಮೇಷ್ಟ್ರ ನಾಲಗೆ ತುದಿಗೆ ಏನೋ ಬಂತು. ನುಂಗಿಕೊಂಡರು. "ಇರಬಹುದು. ದೋಣಿ ತಿರುಗಿಸಿ, ವಾಪಸ್ಸು ಹೋಗೋಣ."

ದೋಣಿ ತಿರುಗಿತು. ಈಗ ದಾಡೆಪ್ಪನ ಕಡೆಯಿದ್ದ ತಿಳಿನೀರು ಜೇನಕ್ಕನ ಕಡೆಗೆ ಬಂತು. ಅವಳು ಹುಟ್ಟು ಹಾಕಿದಳು, ಎತ್ತಿದಳು, ನೋಡಿದಳು. ಕೆಸರು. ಮತ್ತೆ ಹಾಕಿದಳು. ಮತ್ತೆ ಕೆಸರು. ದಾಡೆಪ್ಪನ ಕಡೆ ಆಗಲೇ ತಿಳಿಯಾಗುತ್ತಿತ್ತು.

ಜೇನಕ್ಕ ಹುಟ್ಟನ್ನು ಮೇಲೆತ್ತಿ ಅದರ ತುದಿಯಿಂದ ತೊಟ್ಟಿಕ್ಕುವ ಕೆಸರು ನೋಡಿದಳು. "ಮೇಷ್ಟ್ರೇ, ಎಮ್ಮೆಗಳು ಎದ್ದು ನನ್ನ ಹಿಂದೆಯೇ ಬಂದಿವೆ ಅಂತ ಕಾಣುತ್ತೆ," ಎಂದಳು.

ದಾಡೆಪ್ಪ ನಗು ತಡೆಯಲಾರದೆ ಹುಟ್ಟನ್ನೇ ಬಿಟ್ಟುಬಿಟ್ಟ.

"ಸರಿ," ಎಂದಳು ಜೇನಕ್ಕ. "ನನ್ನ ಹುಟ್ಟೇ ಕೆರೆಯ ತಳ ಕೆರೀತಿದೆ. ಎಷ್ಟು ಮೇಲೆತ್ತಲಿ, ಹೇಳಿ."

"ಹುಟ್ಟಿನ ತುದಿಯ ಹಲಗೆ ಮುಳುಗಿದರೆ ಸಾಕು. ಹಿಡಿಯ ಕೋಲು ಒದ್ದೆಯಾಗಬಾರದು."

ಅಂದಿನಿಂದ ಬೆಳಿಗ್ಗೆಗೊಂದೇ ಮಾತು. ಎರಡನೆಯದು ಬಾಯಿಗೆ ಬಂದಾಗಲೆಲ್ಲ ಮೇಷ್ಟ್ರು ಒಂದು ಮೀನು ಹಿಡಿದು ಕಚ್ಚಿಕೊಂಡು ಕೂರುತ್ತಿದ್ದರು. ಆ ಬೇಸಿಗೆಯಲ್ಲಿ ಅವರು ಚೆನ್ನಾಗಿಯೇ ದಪ್ಪಗಾದರು. ಜೇನಕ್ಕನ ಅಂಗೈಯಲ್ಲಿ ಬೊಬ್ಬೆ ಎದ್ದವು, ಒಡೆದವು, ಗಟ್ಟಿಯಾದವು. ಅವಳು ಒಂದು ದಿನವೂ ತಪ್ಪಿಸಲಿಲ್ಲ.

ಪಂದ್ಯದ ದಿನ ನರಿಗಳು ಮೊದಲು ಹೊರಟವು. ಮಾವನರಿ ಮತ್ತು ಅವನ ತಮ್ಮ ಹುಟ್ಟು ಹಾಕಿದರೆ ಅಳಿಯನರಿ ಎದುರು ಕೂತು ದಾರಿ ನೋಡುತ್ತಿದ್ದ. ಹಿಂದೊಮ್ಮೆ ಮಾವನ ತಪ್ಪು ಹೇಳಿ ಅವನು ಕಿವಿ ಕಚ್ಚಿಸಿಕೊಂಡಿದ್ದ. ದೋಣಿ ವಾಲಿತು. "ಭೇಷ್ ಮಾವ," ಎಂದ. ಇನ್ನೂ ವಾಲಿತು. "ನಿಮ್ಮಂಥೋರು ಯಾರಿದ್ದಾರೆ ಮಾವ," ಎಂದ. ದಢಾರನೆ ಬಂಡೆಗೆ ಬಡಿದು ಮೂವರೂ ನೀರಿಗೆ ಬಿದ್ದರು.

ದೋಣಿಯನ್ನು ದಡಕ್ಕೆ ಎಳೆದು ತಂದ ಮೇಲೆ ಜೇನಕ್ಕನ ಸರದಿ; ಮೇಷ್ಟ್ರು ಎದುರು ಕೂತರು. ಬಂಡೆ ಹತ್ತಿರವಾಗುತ್ತಿದ್ದಂತೆ ಅಡ್ಡಗಾಳಿ ಎದ್ದಿತು. ನಡುಗಡ್ಡೆಯ ಕಡೆಯಿಂದ ಜೇನಿನ ವಾಸನೆಯೂ ಬಂತು. ಜೇನಕ್ಕ ಇದ್ದಬದ್ದ ಶಕ್ತಿಯೆಲ್ಲ ಹಾಕಿ ಎಳೆದಳು. ದೋಣಿಯ ಮೂತಿ ಬಂಡೆಯ ಕಡೆ ತಿರುಗಿತು.

ಮೇಷ್ಟ್ರಿಗೆ ಹೇಳಲು ನೂರು ಮಾತಿತ್ತು. "ಅಕ್ಕ, ಕೆಸರು," ಎಂದರು, ಅಷ್ಟೇ.

ಜೇನಕ್ಕ ಗಾಳಿಯನ್ನು ಬೈಯಲಿಲ್ಲ, ದಾಡೆಪ್ಪನನ್ನು ದೂರಲಿಲ್ಲ. ನೀರು ನೋಡಿದಳು. ಹುಟ್ಟನ್ನು ಮೇಲಕ್ಕೆ ತಂದಳು. ಹಗುರವಾಗಿ ಎಳೆದಳು, ಮತ್ತೊಮ್ಮೆ ಎಳೆದಳು. ಮೂತಿ ನೇರವಾಯಿತು. ಎರಡೂ ಪಕ್ಕದ ಬಂಡೆಗಳ ಪಾಚಿ ಮೂಗಿಗೆ ತಾಗುವಷ್ಟು ಹತ್ತಿರ ಬಂದು ಹಿಂದೆ ಸರಿಯಿತು. ಸ್ವಲ್ಪ ಹೊತ್ತಿಗೆ ದೋಣಿಯ ತಳ ನಡುಗಡ್ಡೆಯ ಮರಳಿಗೆ ತಾಗಿತು.

ಆ ಮಳೆಗಾಲದಲ್ಲಿ ದೋಣಿಯಲ್ಲಿ ಎಲ್ಲರಿಗೂ ಜಾಗವಿತ್ತು, ನರಿಗಳಿಗೂ. ಒಂದು ದಿನ ದಡದ ಹತ್ತಿರ ಅಳಿಯನರಿ ಹೆದರುತ್ತಾ ಹೆದರುತ್ತಾ, "ಜೇನಕ್ಕ, ದೋಣಿ ನಿಮ್ಮ ಕಡೆಗೆ ಸ್ವಲ್ಪ ವಾಲ್ತಾ ಇದೆ," ಎಂದು ತನ್ನ ಕಿವಿಗಳನ್ನು ಎರಡೂ ಕೈಯಿಂದ ಮುಚ್ಚಿಕೊಂಡ.

ದೋಣಿ ಬಂಡೆಗೆ ಬಡಿಸಿದ ನರಿ ನನಗೆ ಹೇಳುವುದೇ ಎಂದು ಜೇನಕ್ಕನಿಗೆ ಅನ್ನಿಸಿತು. ಆದರೂ ಮೊದಲು ತಲೆಯೆತ್ತಿ ದಾಟಿ ಬಂದ ನೀರನ್ನು ನೋಡಿದಳು.

"ಹೌದಲ್ಲೋ," ಎಂದು ಹುಟ್ಟು ಮೇಲೆತ್ತಿದಳು.

ನೀತಿ: ತಿದ್ದುವವರು ಒಂದೊಂದೇ ತಪ್ಪು ತೋರಿಸಬೇಕು, ತಿದ್ದಿಸಿಕೊಳ್ಳುವವರು ಉತ್ತರ ಕೊಡುವ ಮೊದಲು ತಮ್ಮ ಕಡೆಯ ನೀರು ನೋಡಬೇಕು.